ಬೈಕ್ ಎಂಜಿನ್ನಿಂದ ಗುಂಯ್ ಎನ್ನುವ ಸದ್ದು: ಬಿಚ್ಚಿಸುವ ಮೊದಲು ಏನೇನು ನೋಡಬೇಕು? (ಪುಣೆ)

ವಾಕಡ್ ಸವಾರ

ನಮಸ್ಕಾರ. ಬಲ್ಲವರು ದಯವಿಟ್ಟು ನೋಡಿ ಹೇಳಿ.

ಗಾಡಿ 150 ಸಿಸಿ, ಏರ್‌ಕೂಲ್ಡ್, ಕಾರ್ಬುರೇಟರ್, ಐದು ಗೇರು, 2017ರ ಮಾದರಿ. ಓಡಿರುವುದು 38,400 ಕಿ.ಮೀ. ಹದಿನೈದು ದಿನದ ಕೆಳಗೆ ಸರ್ವಿಸ್ ಆಯಿತು: ಆಯಿಲ್, ಟ್ಯಾಪೆಟ್, ಹೊಸ ಚೈನ್-ಸ್ಪ್ರಾಕೆಟ್ ಸೆಟ್.

ಈಗ ವೇಗ 40 ದಾಟಿದ ಕೂಡಲೇ ಎಂಜಿನ್ನಿನ ಎಡಬದಿಯಿಂದ ‘ಗುಂಯ್…’ ಎಂದು ಎಳೆದ ಸದ್ದು. ವೇಗ ಏರಿದಂತೆ ಸ್ವರವೂ ಏರುತ್ತದೆ. ಎಡ ಫುಟ್‌ರೆಸ್ಟ್‌ನಲ್ಲಿ ಸಣ್ಣ ಕಂಪನ. ನಿಂತಾಗ ಐಡಲ್‌ನಲ್ಲಿ ಏನೂ ಕೇಳುವುದಿಲ್ಲ. ಮೆಕ್ಯಾನಿಕ್ ಒಂದು ರೌಂಡ್ ಹೋಗಿ ಬಂದು ‘ಕ್ರ್ಯಾಂಕ್ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು’ ಅಂದರು. ಇಳಿಸುವ ಮೊದಲು ಮನೆಯಲ್ಲೇ ಖಾತ್ರಿ ಮಾಡಿಕೊಳ್ಳುವ ದಾರಿ ಇದೆಯಾ?

ಪಿಂಪ್ರಿ ಬೇರಿಂಗ್

ಇದೆ. ಎಂಜಿನ್ ಈಗಲೇ ಇಳಿಸಬೇಡಿ ಸರ್. ಕ್ರ್ಯಾಂಕ್ ಬೇರಿಂಗ್ ಹೋದರೆ ಗಾಡಿ ನಿಂತಿದ್ದರೂ ಸದ್ದು ಬರಬೇಕು, ಏಕೆಂದರೆ ನಿಂತಾಗಲೂ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಎಂಜಿನ್ನಿನ ಮುಖ್ಯ ಶಾಫ್ಟ್) ತಿರುಗುತ್ತಲೇ ಇರುತ್ತದೆ. ಅದರ ಸದ್ದು ಸಿಳ್ಳೆಯಂತೆ ತೆಳ್ಳಗಿರುವುದಿಲ್ಲ. ಗರಗರ ಅಂತ ಒರಟಾಗಿದ್ದು, ಎಕ್ಸಲರೇಟರ್ ಕೊಟ್ಟಾಗ ದಪ್ಪವಾಗುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿದರೆ ಕಿವಿ ಮೋಸ ಮಾಡುತ್ತದೆ. ಚಾಸಿಸ್ಸಿನ ಕೊಳವೆಗಳು ಸದ್ದನ್ನು ಹಿಂದಿನಿಂದ ಮುಂದಕ್ಕೆ ಸಾಗಿಸಿಬಿಡುತ್ತವೆ. ಅದರ ಬದಲು ಸದ್ದು ಯಾವುದರ ಬೆನ್ನು ಹಿಡಿದು ಹೋಗುತ್ತದೆ ಅಂತ ನೋಡಿ. ಎಂಜಿನ್ ಆರ್‌ಪಿಎಂ ಜೊತೆಗೋ, ಚಕ್ರದ ವೇಗದ ಜೊತೆಗೋ, ಕ್ಲಚ್ ಜೊತೆಗೋ? ಪಾನಾ (ಸ್ಪ್ಯಾನರ್) ಮುಟ್ಟದೆ ಇದನ್ನು ತಿಳಿಯಬಹುದು.

ಮೊದಲು ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಹತ್ತು ನಿಮಿಷ ಬಿಸಿಯಾಗಲಿ. ನ್ಯೂಟ್ರಲ್‌ನಲ್ಲಿ 3,500–4,000 ಆರ್‌ಪಿಎಂಗೆ ಏರಿಸಿ ಹಿಡಿಯಿರಿ. ಸದ್ದು ಬಂದರೆ ಹಾಗೆಯೇ ಕ್ಲಚ್ ಒತ್ತಿ. ಒತ್ತಿದಾಗ ಹೋದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕಡೆಯದು: ಆ ಶಾಫ್ಟಿನ ಬೇರಿಂಗ್, ಗೇರುಗಳು. ಒತ್ತಿದರೂ ಇದ್ದರೆ ಪ್ರೈಮರಿ ಗೇರ್ (ಕ್ರ್ಯಾಂಕಿನಿಂದ ಕ್ಲಚ್ಚಿಗೆ ತಿರುಗು ಕೊಡುವ ಜೋಡಿ), ಆಯಿಲ್ ಪಂಪ್, ಟೈಮಿಂಗ್ ಚೈನ್ (ಎಂಜಿನ್ ಒಳಗೆ ವಾಲ್ವ್ ನಡೆಸುವ ಚೈನ್), ಮ್ಯಾಗ್ನೆಟ್, ಕ್ರ್ಯಾಂಕ್ ಇವುಗಳ ಪೈಕಿ ಒಂದು. ಒತ್ತಿದಾಗ ಮಾತ್ರ ಬಂದರೆ ಕ್ಲಚ್ ರಿಲೀಸ್ ಬೇರಿಂಗ್ ಅಥವಾ ಕ್ಲಚ್ ಹೌಸಿಂಗಿನ ಬುಷ್.

ಆಮೇಲೆ ರಸ್ತೆಯಲ್ಲಿ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಸರಿಯಾಗಿ 50ರಲ್ಲಿ ಐದನೇ ಗೇರಿನಲ್ಲಿ ಸದ್ದು ಕೇಳಿ, ಅದೇ 50ರಲ್ಲಿ ನಾಲ್ಕನೇ ಗೇರಿಗೆ ಬಂದು ಮತ್ತೆ ಕೇಳಿ. ಚಕ್ರ ಅಷ್ಟೇ ತಿರುಗುತ್ತಿರುತ್ತದೆ, ಎಂಜಿನ್ ಮಾತ್ರ ಹೆಚ್ಚು ತಿರುಗುತ್ತದೆ. ಸ್ವರ ಏರಿದರೆ ದೋಷ ಎಂಜಿನ್ ಕಡೆ. ಸ್ವರ ಅಲ್ಲೇ ನಿಂತರೆ ಚೈನ್, ಸ್ಪ್ರಾಕೆಟ್, ಹಿಂದಿನ ಚಕ್ರ, ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ (ಮುಂದಿನ ಸ್ಪ್ರಾಕೆಟ್ ಕೂರುವ ಶಾಫ್ಟ್) ಕಡೆ. ಕೊನೆಗೆ 50ರಲ್ಲಿ ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡು ಗಾಡಿ ತಾನಾಗಿ ಹೋಗಲು ಬಿಡಿ, ಎಂಜಿನ್ ಐಡಲ್‌ಗೆ ಇಳಿಯುತ್ತದೆ. ಆಗಲೂ ಗುಂಯ್ ಅನ್ನುತ್ತಿದ್ದು ವೇಗದೊಂದಿಗೆ ನಿಧಾನ ಇಳಿದರೆ ಎಂಜಿನ್ನಿನ ಕ್ರ್ಯಾಂಕ್ ಕಡೆ ಪೂರ್ತಿ ನಿರ್ದೋಷಿ.

ಇದನ್ನು ಕಾತ್ರಜ್ ಘಾಟಿನಲ್ಲೋ ಖಂಬಾಟ್ಕಿಯಲ್ಲೋ ಇಳಿಯುತ್ತಾ ಮಾಡಬೇಡಿ, ಎಂಜಿನ್ ಆಫ್ ಮಾಡಿಯಂತೂ ಖಂಡಿತ ಬೇಡ.

ಮುಲುಂಡ್ ಚೆಕ್‌ನಾಕಾ

ಮೇಲಿನದೇ ಸರಿಯಾದ ಕ್ರಮ. ಒಂದು ಪ್ರಶ್ನೆ: ಆಯಿಲ್ ಎಷ್ಟು ಹಾಕಿದರು? ಡಬ್ಬ ಬರುವುದು 1 ಲೀಟರಿನದು. ನಿಮ್ಮ ಮ್ಯಾನ್ಯುಯಲ್ 1.1 ಅಥವಾ 1.2 ಲೀಟರ್ ಅಂದಿದ್ದರೆ, ಒಂದು ಡಬ್ಬ ಸುರಿದು ‘ಆಯಿತು’ ಅನ್ನುವುದು ತೀರಾ ಸಾಮಾನ್ಯ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಮೂರು ನಿಮಿಷ ಬಿಟ್ಟು, ಗಾಡಿ ನೆಟ್ಟಗೆ ನಿಲ್ಲಿಸಿ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಲೆಕ್ಕ ಲೆಕ್ಕವಲ್ಲ. ಡಿಪ್‌ಸ್ಟಿಕ್ ತಿರುಪಿ ಅಳೆಯಬೇಕೋ ಸುಮ್ಮನೆ ಇಳಿಸಿ ಅಳೆಯಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಮ್ಯಾನ್ಯುಯಲ್ ನೋಡಿಕೊಳ್ಳಿ.

ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಆಯಿಲಿನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ತಕ್ಕ ಆಯಿಲ್ ಎಂಬ ಗುರುತು) ಅಂತ ಇರಲೇಬೇಕು. ಕಾರಿನ ಆಯಿಲ್ ಹಾಕಿದರೆ ಅದರಲ್ಲಿರುವ ಘರ್ಷಣೆ ತಗ್ಗಿಸುವ ಅಂಶಗಳಿಂದ ಕ್ಲಚ್ ಪ್ಲೇಟು ಜಾರಲು ಶುರುವಾಗುತ್ತದೆ. ಮುಂಬೈ ಟ್ರಾಫಿಕ್ಕಿನಲ್ಲಿ ಮೊದಲ ಎರಡು ಗೇರಿನಲ್ಲೇ ತೆವಳುವ ಏರ್‌ಕೂಲ್ಡ್ ಗಾಡಿಗೆ ಆಯಿಲ್ ಬೇಗ ತೆಳುವಾಗುತ್ತದೆ, ಗೇರಿನ ಸದ್ದು ಅಷ್ಟೇ ಬೇಗ ಎದ್ದು ಕೇಳುತ್ತದೆ. ಆಗ ಇನ್ನೂ ದಪ್ಪ ಗ್ರೇಡಿಗೆ ಹಾರುವುದಕ್ಕಿಂತ ಬದಲಾವಣೆಯ ಅಂತರ ಕಡಿಮೆ ಮಾಡುವುದು ಒಳ್ಳೆಯದು.

ಟೈಮಿಂಗ್ ಚೈನ್ ಬಗ್ಗೆಯೂ ಎಚ್ಚರ. ಸಡಿಲವಾದರೆ ಕಟಕಟ ಅನ್ನುತ್ತದೆ, ಸಿಳ್ಳೆ ಹೊಡೆಯುವುದಿಲ್ಲ. ಆದರೆ ಆಟೋ ಟೆನ್ಷನರನ್ನು ಸ್ಕ್ರೂಡ್ರೈವರಿನಿಂದ ಒಳಕ್ಕೆ ಒತ್ತಾಯದಿಂದ ತಿರುಗಿಸಿ ‘ಟೈಟ್’ ಮಾಡುವವರಿದ್ದಾರೆ, ಆಗ ಸುಂಯ್ ಅನ್ನುತ್ತದೆ, ಚೈನ್ ಗೈಡ್ ಸವೆದು ಆಯಿಲಿನಲ್ಲಿ ರಬ್ಬರ್ ಪುಡಿ ಸಿಗುತ್ತದೆ. ಅದರ ಸ್ಪ್ರಿಂಗು ತನ್ನ ಬಲದಲ್ಲೇ ಒತ್ತಬೇಕು, ನಮ್ಮ ಕೈಬಲ ಅಲ್ಲಿ ಬೇಡ.

ಮಡಗಾಂವ್ ಕೆಂಪುಮಣ್ಣು

ಮುಂದಿನ ಚಕ್ರವನ್ನೂ ಮರೆಯಬೇಡಿ. ಕೇಬಲ್ ಸ್ಪೀಡೋಮೀಟರ್ ಇರುವ ಗಾಡಿಗಳಲ್ಲಿ ಚಕ್ರದ ಹತ್ತಿರದ ವರ್ಮ್ ಗೇರಿನಲ್ಲಿ ಗ್ರೀಸ್ ಒಣಗಿದರೆ ಚಿಂಯ್ ಅನ್ನುತ್ತದೆ, ಮುಳ್ಳೂ ನಡುಗುತ್ತದೆ. ನಮ್ಮಲ್ಲಿ ಸಮುದ್ರದ ಉಪ್ಪುಗಾಳಿಗೆ ಬ್ರೇಕ್ ಕ್ಯಾಲಿಪರ್ ಪಿನ್ ಹಿಡಿದುಕೊಂಡು ಪ್ಯಾಡು ಡಿಸ್ಕಿಗೆ ಒರೆಯುತ್ತಲೇ ಇರುತ್ತದೆ. ಐದು ಕಿ.ಮೀ. ಬ್ರೇಕ್ ಹೆಚ್ಚು ಬಳಸದೆ ಓಡಿಸಿ ನಿಂತು, ಡಿಸ್ಕ್ ಹತ್ತಿರ ಕೈ ಒಯ್ದು ಬಿಸಿ ನೋಡಿ. ಮುಟ್ಟಬೇಡಿ, ಸುಡುತ್ತದೆ.

ಇನ್ನೊಂದು: ಸೈಲೆನ್ಸರ್ ಸಿಲಿಂಡರ್ ಹೆಡ್ಡಿಗೆ ಸೇರುವಲ್ಲಿ ಗ್ಯಾಸ್ಕೆಟ್ ಸೋರಿದರೆ ಚುಯ್ ಚುಯ್ ಅಂತ ಹಕ್ಕಿಯಂತೆ ಕೂಗುತ್ತದೆ, ಅಲ್ಲಿ ಕಪ್ಪು ಮಸಿ ಹತ್ತಿರುತ್ತದೆ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟರೆ ಗಾಳಿ ಎಳೆದು ಸಿಳ್ಳೆ ಬರುತ್ತದೆ, ಐಡಲ್ ಏರಿಳಿಯುತ್ತದೆ. ಐಡಲ್‌ನಲ್ಲಿ ನೀರು ಚಿಮುಕಿಸಿದಾಗ ಎಂಜಿನ್ ಲಯ ಬದಲಾದರೆ ಬಿರುಕು ಅಲ್ಲೇ. ಪೆಟ್ರೋಲ್ ಚಿಮುಕಿಸಿ ನೋಡುವ ಪದ್ಧತಿ ಬಿಟ್ಟುಬಿಡಿ, ಬೆಂಕಿಗೆ ಕರೆ ಕೊಟ್ಟಂತೆ.

ವಾಕಡ್ ಸವಾರ

ಎಲ್ಲ ಮಾಡಿದೆ. ಫಲಿತಾಂಶ:

ನ್ಯೂಟ್ರಲ್‌ನಲ್ಲಿ 3,500ಕ್ಕೆ ತುಂಬ ತೆಳ್ಳಗಿನ ಸುಂಯ್ ಇದೆ, ಕ್ಲಚ್ ಒತ್ತಿದರೆ ಹೋಗುತ್ತದೆ. ಆದರೆ ಇದು ರಸ್ತೆಯಲ್ಲಿ ಕೇಳುವ ಸದ್ದಲ್ಲ. 50ರಲ್ಲಿ ನಾಲ್ಕಕ್ಕೂ ಐದಕ್ಕೂ ಗುಂಯ್ ಒಂದೇ ಸ್ವರ. ಕ್ಲಚ್ ಒತ್ತಿದರೂ ಇದೆ, ವೇಗದೊಂದಿಗೆ ಇಳಿಯುತ್ತದೆ. ಎಕ್ಸಲರೇಟರ್ ಕೊಟ್ಟಾಗ ಸ್ವಲ್ಪ ಜೋರು. ಆಯಿಲ್ ಡಿಪ್‌ಸ್ಟಿಕ್ಕಿನ ಕೆಳಗಿನ ಗೆರೆಯ ಕೆಳಗೇ ಇದೆ. ಮುಂದಿನ ಚಕ್ರ ಎತ್ತಿ ತಿರುಗಿಸಿದರೆ ಮೌನ.

ಪಿಂಪ್ರಿ ಬೇರಿಂಗ್

ಹಾಗಾದರೆ ಕ್ರ್ಯಾಂಕ್ ವಿಷಯ ಮುಗಿಯಿತು. ಇಲ್ಲಿ ಎರಡು ಸದ್ದುಗಳಿವೆ, ಒಂದಕ್ಕೊಂದು ಸಂಬಂಧವಿಲ್ಲ. ಸುಂಯ್‌ಗೆ ಮೊದಲ ಔಷಧ ಆಯಿಲ್ ಮಟ್ಟ ಸರಿಮಾಡುವುದು. 50 ಮಿ.ಲೀ.ನಂತೆ ಹಾಕುತ್ತಾ ಅಳೆಯುತ್ತಾ ಹೋಗಿ, ಮೇಲಿನ ಗೆರೆ ದಾಟಿಸಬೇಡಿ. ಹೆಚ್ಚಾದರೆ ಆಯಿಲ್ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಏರುತ್ತದೆ.

ದೊಡ್ಡ ಸದ್ದಿಗೆ ಚೈನೇ ಕಾರಣ ಅಂತ ನನ್ನ ಅಂದಾಜು, ಅದರಲ್ಲೂ ಬಿಗಿ ಚೈನು. ಹೊಸ ಸೆಟ್ ಹಾಕಿದವರು ‘ಹೊಸದು, ಹೇಗೂ ಸಡಿಲವಾಗುತ್ತದೆ’ ಅಂತ ಬಿಗಿಯಾಗಿಯೇ ಬಿಡುತ್ತಾರೆ. ಮೇನ್ ಸ್ಟ್ಯಾಂಡಿನಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ತಿರುಗುವ ಪಿವಟ್ಟೂ ಮುಂದಿನ ಸ್ಪ್ರಾಕೆಟ್ಟೂ ಒಂದೇ ಕೇಂದ್ರದಲ್ಲಿಲ್ಲ. ನೀವು ಕುಳಿತಾಗ, ಗುಂಡಿಗೆ ಬಿದ್ದಾಗ ಸ್ವಿಂಗ್‌ಆರ್ಮ್ ಮೇಲೇಳುತ್ತದೆ. ಸ್ಪ್ರಾಕೆಟ್, ಪಿವಟ್, ಹಿಂದಿನ ಆ್ಯಕ್ಸಲ್ ಮೂರೂ ಒಂದೇ ಗೆರೆಗೆ ಬಂದ ಗಳಿಗೆಯಲ್ಲಿ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಅತಿ ಹೆಚ್ಚು. ಸ್ಟ್ಯಾಂಡಿನಲ್ಲಿದ್ದ ಚೂರು ಸಡಿಲವೂ ಆಗ ಮಾಯ, ಚೈನ್ ವೀಣೆಯ ತಂತಿಯಂತೆ ಸೆಟೆಯುತ್ತದೆ. ಪ್ರತಿ ಹಲ್ಲು ರೋಲರಿಗೆ ಹೊಡೆದು ಕೂರುತ್ತದೆ, ಆ ಹೊಡೆತಗಳ ಸಾಲೇ ನಿಮಗೆ ಗುಂಯ್ ಅಂತ ಕೇಳುವುದು. ಎಳೆತವೆಲ್ಲ ಬೀಳುವುದು ಔಟ್‌ಪುಟ್ ಶಾಫ್ಟಿನ ಎಡಬದಿಯ ಬೇರಿಂಗಿನ ಮೇಲೆ. ಅದು ಹೋದರೆ ಆಗ ನಿಜವಾಗಿಯೂ ಎಂಜಿನ್ ಬಿಚ್ಚಬೇಕಾಗುತ್ತದೆ. ಆದ್ದರಿಂದ ಇದನ್ನು ನಾಳೆಗೆ ತಳ್ಳಬೇಡಿ.

ಅಳೆಯುವುದು ಹೀಗೆ. ಎಂಜಿನ್ ಆಫ್, ಕೀ ತೆಗೆದು ಜೇಬಿನಲ್ಲಿ, ನ್ಯೂಟ್ರಲ್, ಮೇನ್ ಸ್ಟ್ಯಾಂಡ್. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಚೈನ್ ಹತ್ತಿರ ಕೈ, ಬಟ್ಟೆ, ಬ್ರಷ್ ಯಾವುದೂ ಹೋಗಬಾರದು. ಬೆರಳು ಸ್ಪ್ರಾಕೆಟ್ಟಿಗೆ ಸಿಕ್ಕರೆ ಉಳಿಯುವುದಿಲ್ಲ. ಕೆಳಗಿನ ಚೈನಿನ ನಟ್ಟನಡುವೆ ಸ್ಟೀಲ್ ಸ್ಕೇಲ್ ಹಿಡಿದು ಬೆರಳಿನಿಂದ ಮೇಲಕ್ಕೆ ಒತ್ತಿ, ಕೆಳಕ್ಕೆ ಎಳೆದು ಒಟ್ಟು ಆಟ ನೋಡಿ. ಚಕ್ರ ಕಾಲು ಸುತ್ತು ತಿರುಗಿಸಿ ಮತ್ತೆ. ಹೀಗೆ ಹನ್ನೆರಡು ಕಡೆಯಾದರೂ ಅಳೆದು ಬರೆದಿಡಿ. ಬಿಗಿಯಾದ ಜಾಗದ ಲೆಕ್ಕವೇ ಮುಖ್ಯ, ಸೆಟ್ಟಿಂಗ್ ಮಾಡಬೇಕಾದ್ದೂ ಅಲ್ಲೇ. ಈ ಗಾತ್ರದ ಬಹುಪಾಲು ಗಾಡಿಗಳಿಗೆ 20–30 ಮಿ.ಮೀ. ಆಟ ಬೇಕು. ನಿಮ್ಮದರ ಖಚಿತ ಅಂಕಿ ಮ್ಯಾನ್ಯುಯಲ್‌ನಲ್ಲಿ ಅಥವಾ ಸ್ವಿಂಗ್‌ಆರ್ಮಿನ ಸ್ಟಿಕ್ಕರಿನಲ್ಲಿ ಇರುತ್ತದೆ.

ಠಾಣೆ ಶ್ರುತಿಪೆಟ್ಟಿಗೆ

ಕಿವಿಯ ಮೇಲೆ ನಂಬಿಕೆ ಇಲ್ಲದವರಿಗೆ ಲೆಕ್ಕದ ದಾರಿ. ಫೋನಿನಲ್ಲಿ ಸದ್ದಿನ ಸ್ಪೆಕ್ಟ್ರಂ ತೋರಿಸುವ ಉಚಿತ ಆ್ಯಪ್‌ಗಳಿವೆ. ರೆಕಾರ್ಡಿಂಗ್ ಆನ್ ಮಾಡಿ ಜಾಕೆಟ್ ಜೇಬಿಗೆ ಹಾಕಿ ಜಿಪ್ ಎಳೆಯಿರಿ, ಓಡಿಸುತ್ತಾ ಮುಟ್ಟಬೇಡಿ. ಮನೆಗೆ ಬಂದು ನೋಡಿದರಾಯಿತು.

ಹಲ್ಲಿನ ಸದ್ದಿಗೆ ಒಂದೇ ಸೂತ್ರ: ಹಲ್ಲುಗಳ ಸಂಖ್ಯೆ × ಸೆಕೆಂಡಿಗೆ ಸುತ್ತು = ಹರ್ಟ್ಸ್. 100/90-17 ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ 13.9 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 7.3 ಸುತ್ತು. ಹಿಂದಿನ ಸ್ಪ್ರಾಕೆಟ್ 43 ಹಲ್ಲಿನದಾದರೆ 7.3 × 43, ಸುಮಾರು 314 ಹರ್ಟ್ಸ್. ಮುಂದಿನ ಸ್ಪ್ರಾಕೆಟ್ಟಿಗೂ ಇದೇ ಅಂಕಿ ಬರುತ್ತದೆ, ಏಕೆಂದರೆ ಎರಡರ ಮೇಲೂ ಹಾದುಹೋಗುವುದು ಅದೇ ಚೈನು.

ಎಂಜಿನ್ 4,000 ಆರ್‌ಪಿಎಂನಲ್ಲಿದ್ದು ಕ್ರ್ಯಾಂಕಿನ ಪ್ರೈಮರಿ ಗೇರಿಗೆ 20 ಹಲ್ಲಿದ್ದರೆ 20 × 4,000 ÷ 60 = 1,333 ಹರ್ಟ್ಸ್. ಇವೆರಡರ ನಡುವೆ ಎಷ್ಟು ಅಂತರ ಇದೆ ನೋಡಿ. ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದರಿಂದ ನಿಮಗೆ 314ಕ್ಕಿಂತ ಕೊಂಚ ಕಡಿಮೆಯೇ ಸಿಗಬಹುದು. 30ರಲ್ಲೂ ಒಮ್ಮೆ ಅಳೆಯಿರಿ. 50ಕ್ಕೂ 30ಕ್ಕೂ ಇರುವ ಅನುಪಾತ ಹರ್ಟ್ಸಿನಲ್ಲೂ ಬಂದರೆ ಸಂಶಯ ಬೇಡ.

ವಾಕಡ್ ಸವಾರ

50ರಲ್ಲಿ 300, 30ರಲ್ಲಿ 180 ಹರ್ಟ್ಸ್. ಸ್ಪ್ರಾಕೆಟ್ 43 ಹಲ್ಲು, ಎಣಿಸಿದೆ.

ಚೈನ್ ಆಟ: ಅತಿ ಬಿಗಿ 8 ಮಿ.ಮೀ., ಅತಿ ಸಡಿಲ 20 ಮಿ.ಮೀ.

ಪಿಂಪ್ರಿ ಬೇರಿಂಗ್

8 ತೀರಾ ಬಿಗಿ. ಆದರೆ ನನಗೆ ಹೆಚ್ಚು ಕಾಡುತ್ತಿರುವುದು 8ಕ್ಕೂ 20ಕ್ಕೂ ನಡುವಿನ 12. ಹಳೇ ಚೈನಿನಲ್ಲಿ ಇದು ಸಹಜ, ಹದಿನೈದು ದಿನದ ಸೆಟ್ಟಿನಲ್ಲಿ ಅಲ್ಲ. ಹಾಗೆಯೇ ಸಡಿಲ ಮಾಡಿ ಬಿಟ್ಟರೆ ಸದ್ದು ತಗ್ಗುತ್ತದೆ, ಕಾರಣ ಒಳಗೇ ಉಳಿಯುತ್ತದೆ.

ಟೈರಿನ ಮೇಲೆ ಒಂದು ಕಡೆ, ಚೈನಿನ ಒಂದು ಕೊಂಡಿಯ ಮೇಲೆ ಒಂದು ಕಡೆ ಸೀಮೆಸುಣ್ಣ ಹಚ್ಚಿ. ಚೈನ್ ಒಂದು ಸುತ್ತು ಪೂರ್ತಿ ಬರಲು ಚಕ್ರ ಎರಡೂವರೆಯಿಂದ ಮೂರು ಸುತ್ತು ತಿರುಗಬೇಕು. ಬಿಗಿ ಜಾಗ ಟೈರಿನ ಗುರುತಿನ ಜೊತೆ ಪ್ರತಿ ಸುತ್ತಿಗೂ ಬಂದರೆ ಹಿಂದಿನ ಸ್ಪ್ರಾಕೆಟ್ ನಡುಬಿಟ್ಟು ಕೂತಿದೆ. ಚೈನಿನ ಗುರುತಿನ ಜೊತೆ ಬಂದರೆ ಚೈನೇ ದೋಷಿ, ಅಂಗಡಿಗೆ ವಾಪಸ್ ಕೊಡಿ. ಚೈನ್ ಹಿಗ್ಗಿದೆಯೋ ನೋಡಲು ಇನ್ನೊಂದು ಅಳತೆ: 428 ಚೈನಿನ ಪಿಚ್ 12.7 ಮಿ.ಮೀ., ಆದ್ದರಿಂದ 20 ಪಿಚ್ ಸೇರಿ 254 ಇರಬೇಕು. 259 ಹತ್ತಿರ ಬಂದರೆ ಬದಲಿಸುವ ಕಾಲ.

ಭೋಸರಿ ಲೇಥ್

ಪಿಂಪ್ರಿಯವರು ಹೇಳಿದ್ದು ಖರೇ ಐತ್ರಿ. ನಂದೊಂದು ಮಾತು ಸೇರಸ್ತೀನಿ. ಚೈನ್ ಸಡ್ಲ ಮಾಡಿದಾಗ ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿ, ಅಲ್ಲಿ ತುಂಬಿದ ಗ್ರೀಸ್-ಮಣ್ಣು ಕೆರದು ತಗೀರಿ. ಆಮ್ಯಾಲೆ ಸ್ಪ್ರಾಕೆಟ್ ಅಲ್ಲ, ಶಾಫ್ಟಿನ ತುದೀನ ಹಿಡದು ಮ್ಯಾಲೆ-ಕೆಳಗ ಅಲಗಾಡಿಸಿ ನೋಡ್ರಿ. ಸ್ಪ್ರಾಕೆಟ್ ಸ್ಪ್ಲೈನಿನ (ಶಾಫ್ಟಿನ ಉದ್ದುದ್ದ ಹಲ್ಲಿನ) ಮ್ಯಾಲೆ ಸ್ವಲ್ಪ ಆಡೂದು ಸಹಜ, ಅದನ್ನ ನೋಡಿ ಬೇರಿಂಗ್ ಹೋಗೇತಿ ಅಂತ ತಿಳ್ಕೊಬ್ಯಾಡ್ರಿ. ಶಾಫ್ಟೇ ಮ್ಯಾಲೆ-ಕೆಳಗ ಆಡಿದ್ರ ಬೇರಿಂಗ್ ಹೋಗೇತಿ. ಆಯಿಲ್ ಸೀಲಿನ ಸುತ್ತ ಹಸಿ ಐತೇನು ನೋಡ್ರಿ. ಬಿಗಿ ಚೈನ್ ಶಾಫ್ಟನ್ನ ಹಿಂದಕ್ಕ ಜಗ್ಗಿ ಸೀಲಿನ ತುಟೀನ ಒಂದ ಬದಿ ತಿಂದಿರ್ತೈತಿ.

ಹಿಂದಿನ ಚಕ್ರ ತಗದಾಗ ಬೇರಿಂಗಿನ ಒಳಗ ಬೆರಳ ಹಾಕಿ ತಿರಗಸ್ರಿ. ಬೆಣ್ಣಿಯಂಗ ತಿರಗಬೇಕು. ಉಸುಕಿನ ಕಾಳು ಸಿಕ್ಕಂಗ ತಡದು ತಡದು ತಿರಗಿದ್ರ ಬದಲಿ ಮಾಡ್ರಿ. ನಂಬರ್ ಬೇರಿಂಗಿನ ಮ್ಯಾಲೇ ಕೆತ್ತಿರ್ತಾರ, ಅದನ್ನ ನೋಡಿ ಪುಣೆಯ ನಾನಾ ಪೇಠ್‌ನ್ಯಾಗ ಬಿಡಿಭಾಗದ ಅಂಗಡ್ಯಾಗ ಕೇಳ್ರಿ, ಎರಡೂ ಬದಿ ರಬ್ಬರ್ ಸೀಲ್ ಇರೂದನ್ನ ತಗೋರಿ. ಹೊಸ ಬೇರಿಂಗ್ ಬಡಿಯುವಾಗ ಹೊರಗಿನ ರಿಂಗಿಗಷ್ಟ ಏಟು ಬೀಳಬೇಕು. ಒಳಗಿನ ರಿಂಗಿಗೆ ಬಡದ್ರ ಗೋಲಿಗಳು ಹಾದಿಯೊಳಗ ಕುಳಿ ಮಾಡ್ತಾವ, ಹೊಸ ಬೇರಿಂಗೂ ಅವತ್ತಿಂದನ ಗುಂಯ್ ಅಂತೈತಿ.

ಪಣಜಿ ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗಾಡಿಗೆ ಹೊಸ ಕ್ಲಚ್ ಹೌಸಿಂಗ್ ಹಾಕಿದ ದಿನದಿಂದ ಎಲ್ಲ ಗೇರಿನಲ್ಲೂ ಆರ್‌ಪಿಎಂ ಜೊತೆ ಸುಂಯ್. ಕ್ಲಚ್ ಒತ್ತಿದರೂ ಹೋಗುವುದಿಲ್ಲ.

ಮುಲುಂಡ್ ಚೆಕ್‌ನಾಕಾ

ಅದು ಪ್ರೈಮರಿ ಗೇರ್. ಹೌಸಿಂಗಿನ ದೊಡ್ಡ ಗೇರು ಹೊಸದು, ಕ್ರ್ಯಾಂಕ್ ಮೇಲಿನ ಸಣ್ಣ ಗೇರು ಸಾವಿರಾರು ಕಿ.ಮೀ. ಹಳೆಯದು. ಹಲ್ಲುಗಳ ಮೈ ಒಂದಕ್ಕೊಂದು ಹೊಂದುವುದಿಲ್ಲ. ನೇರ ಹಲ್ಲಿನ ಗೇರಿನಲ್ಲಿ ಇದು ಇನ್ನೂ ಎದ್ದು ಕೇಳುತ್ತದೆ. ಓರೆ ಹಲ್ಲಿನಲ್ಲಿ ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ, ಅದಕ್ಕೇ ಅದು ಮೆತ್ತಗೆ. ಕೆಲವು ಮಾದರಿಗಳಲ್ಲಿ ಎರಡೂ ಗೇರಿನ ಮೇಲೆ ಅಕ್ಷರ ಅಥವಾ ಬಣ್ಣದ ಗುರುತು ಇದ್ದು ಜೋಡಿಯಾಗಿಯೇ ಹಾಕಬೇಕು. ಕವರ್ ಬಿಚ್ಚಿಸಿ ಗುರುತು ನೋಡಿ. ಸದ್ದು ಹಾಗೆಯೇ ನಿಂತಿದ್ದರೆ ಅಪಾಯವಿಲ್ಲ, ದಿನದಿಂದ ದಿನಕ್ಕೆ ಏರುತ್ತಿದ್ದರೆ ಜೋಡಿ ಬದಲಿಸಿ. ನಿಮ್ಮದು ಬೇರೆಯೇ ದೋಷ, ಇನ್ನೂ ಪ್ರಶ್ನೆ ಇದ್ದರೆ ಹೊಸ ಚರ್ಚೆ ತೆರೆಯಿರಿ, ಇಲ್ಲಿ ಬೆರೆತರೆ ಓದುವವರಿಗೆ ಗೊಂದಲ.

ವಾಕಡ್ ಸವಾರ

ಬಿಗಿ ಜಾಗ ಪ್ರತಿ ಸುತ್ತಿಗೂ ಟೈರಿನ ಗುರುತಿನಲ್ಲೇ ಬಂತು. ಚಕ್ರ ಇಳಿಸಿದೆ. ಹಬ್ಬಿಗೂ ಸ್ಪ್ರಾಕೆಟ್ಟಿಗೂ ನಡುವೆ, ಸ್ಪ್ರಾಕೆಟ್ ಕೂರುವ ಅಂಚಿನಲ್ಲಿ ಹಳೇ ಗ್ರೀಸ್ ಮಣ್ಣಿನೊಂದಿಗೆ ಸೇರಿ ಹಪ್ಪಳದಂತೆ ಗಟ್ಟಿಯಾಗಿತ್ತು, ಒಂದೇ ಬದಿ, ಉಗುರಿನಷ್ಟು ದಪ್ಪ. ಅದನ್ನು ತೆಗೆಯದೆ ಅದರ ಮೇಲೆಯೇ ಹೊಸ ಸ್ಪ್ರಾಕೆಟ್ ಬಿಗಿದಿದ್ದಾರೆ.

ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ. ಈಗ ಅತಿ ಬಿಗಿ 25, ಅತಿ ಸಡಿಲ 29. ಎರಡೂ ಬದಿ ಅಡ್ಜಸ್ಟರ್ ಗೆರೆ ಸಮ. ಚಕ್ರದ ಬೇರಿಂಗ್ ನುಣುಪಾಗಿದೆ. ಔಟ್‌ಪುಟ್ ಶಾಫ್ಟ್ ಅಲುಗಾಡುವುದಿಲ್ಲ, ಆದರೆ ಸೀಲಿನ ಕೆಳಗೆ ಸ್ವಲ್ಪ ಹಸಿ ಇದೆ. ಆಯಿಲ್ 150 ಮಿ.ಲೀ. ಹಿಡಿಯಿತು.

50ರಲ್ಲಿ ಗುಂಯ್ ಇಲ್ಲ, ಫುಟ್‌ರೆಸ್ಟ್ ಕಂಪನವೂ ಇಲ್ಲ. ನ್ಯೂಟ್ರಲ್‌ನ ಸುಂಯ್ ಕಿವಿ ಹತ್ತಿರ ಒಯ್ದರೆ ಮಾತ್ರ.

ಪಿಂಪ್ರಿ ಬೇರಿಂಗ್

ಬಹಳ ಚೆನ್ನಾಗಿ ಮಾಡಿದ್ದೀರಿ. ಆ್ಯಕ್ಸಲ್ ಸರಿದಿರುವುದರಿಂದ ಹಿಂದಿನ ಬ್ರೇಕ್ ಪೆಡಲಿನ ಆಟ ಬದಲಾಗಿರುತ್ತದೆ. ರಾಡಿನ ನಟ್ ತಿರುಗಿಸಿ ಸರಿಮಾಡಿ, ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹೊತ್ತುತ್ತದೆಯಾ ನೋಡಿ. ಆ್ಯಕ್ಸಲ್ ನಟ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ.

ಹೊಸ ಚೈನ್ ಮೊದಲ 500 ಕಿ.ಮೀ. ಒಳಗೆ ಸ್ವಲ್ಪ ಸಡಿಲವಾಗುತ್ತದೆ, 300ಕ್ಕೆ ಒಮ್ಮೆ ಅಳೆಯಿರಿ. ನ್ಯೂಟ್ರಲ್‌ನ ಸುಂಯ್‌ಗೆ ಈಗ ಏನೂ ಮಾಡಬೇಡಿ. ಮುಂದಿನ ಆಯಿಲ್ ಬದಲಾವಣೆಯಲ್ಲಿ ಡ್ರೈನ್ ಬೋಲ್ಟೂ ಜಾಲರಿಯೂ ನೋಡಿ. ಬೂದುಬಣ್ಣದ ನುಣ್ಣನೆ ಲೇಪ ಸಹಜ, ಬೆರಳಿಗೆ ಚುಚ್ಚುವ ಹೊಳೆಯುವ ಚಕ್ಕೆ ಸಿಕ್ಕರೆ ಫೋಟೋ ಇಲ್ಲಿ ಹಾಕಿ.

ಮೆಕ್ಯಾನಿಕ್ ಹತ್ತಿರ ಸೀಲ್ ಕೆಲಸಕ್ಕೆ ಹೋದಾಗ ಮತ್ತೆ ಎಂಜಿನ್ ಮಾತು ಬಂದರೆ ಮರಾಠಿಯಲ್ಲಿ ಇಷ್ಟು ಹೇಳಿ: ‘ಚೌಥ್ಯಾ ಆಣಿ ಪಾಚವ್ಯಾ ಗಿಯರ್‌ಮಧ್ಯೆ ಪನ್ನಾಸಲಾ ಸಾರಖಾಚ್ ಆವಾಜ್ ಹೋತಾ, ಕ್ಲಚ್ ದಾಬಲಾ ತರೀ ಜಾತ್ ನವ್ಹತಾ.’ (ನಾಲ್ಕಕ್ಕೂ ಐದಕ್ಕೂ 50ರಲ್ಲಿ ಸದ್ದು ಒಂದೇ ಇತ್ತು, ಕ್ಲಚ್ ಒತ್ತಿದರೂ ಹೋಗುತ್ತಿರಲಿಲ್ಲ.) ಕೆಲಸ ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಭೋಸರಿ ಲೇಥ್

ಬಹಳಷ್ಟ ಗಾಡಿಯೊಳಗ ಆ ಸೀಲ್ ಹೊರಗಿಂದನ ಬದಲಿ ಮಾಡಾಕ ಬರ್ತೈತ್ರಿ, ಎಂಜಿನ್ ಬಿಚ್ಚೂದು ಬ್ಯಾಡ. ಹಳೇ ಸೀಲ್ ತಗಿಯುವಾಗ ಸ್ಕ್ರೂಡ್ರೈವರ್ ಶಾಫ್ಟಿಗೆ ತಾಗಬಾರದು, ಗೆರಿ ಬಿದ್ರ ಹೊಸಾದೂ ಸೋರ್ತೈತಿ. ಹೊಸಾ ಸೀಲಿನ ತುಟಿಗೆ ಸ್ವಲ್ಪ ಎಂಜಿನ್ ಆಯಿಲ್ ಸವರಿ, ಅದರ ಅಳತೀದು ಸಾಕೆಟ್ ಇಟ್ಟು ಸಮನಾಗಿ ಒತ್ರಿ.